ಬೆಕ್ಕಿನ ಮರಿಯ ಉಗುರು ಕತ್ತರಿಸುವ ಬಗೆ: ಮಲೆನಾಡಿನ ಮನೆಗಳಿಗೆ

ಐದಾರು ವಾರದ ಬೆಕ್ಕಿನ ಮರಿ ಕಂಬಳಿ ಮೇಲೆ ಓಡುವಾಗ ಉಗುರು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಕಾಲು ಜಗ್ಗುತ್ತದೆ, ಬಾರದಿದ್ದರೆ ಕಿರುಚುತ್ತದೆ, ಬಿಡಿಸಲು ಹೋದವರ ಕೈ ಗೀರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆಯುವಾಗ ಮರಿ ಹೆಚ್ಚು ಹೊತ್ತು ಮನೆಯೊಳಗೇ ಇರುವುದರಿಂದ ಇದು ದಿನನಿತ್ಯದ ಗೋಳು. ಕಂಬಳಿ, ಸೋಫಾ, ಅಜ್ಜಿಯ ಸೀರೆ, ಮಕ್ಕಳ ತೊಡೆ ಯಾವುದೂ ಉಳಿಯುವುದಿಲ್ಲ.

ಉಗುರಿನ ತುದಿ ತೆಗೆಯುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಮರಿಯನ್ನು ಒಗ್ಗಿಸಲು ಒಂದು ವಾರ ಬೇಕು. ಕೆಲಸ ಕೆಡುವುದು ಸಾಮಾನ್ಯವಾಗಿ ಈ ವಾರವನ್ನು ಬಿಟ್ಟು ನೇರವಾಗಿ ಕಟರ್ ಹಿಡಿದು ಕೂತಾಗಲೇ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯ ಬಗ್ಗೆ ಮರಿ ಏನು ಕಲಿಯುತ್ತದೋ ಅದು ಬಹುಕಾಲ ಉಳಿಯುತ್ತದೆ. ಪಂಜ ಹಿಡಿದರೆ ನೋವಾಗುವುದಿಲ್ಲ ಎಂದು ಈಗ ಕಲಿತ ಮರಿ, ನಾಲ್ಕು ಕೆ.ಜಿ. ತೂಗುವ ಬೆಕ್ಕಾದ ಮೇಲೂ ಪಂಜ ಕೊಡುತ್ತದೆ. ಈಗ ಹೆದರಿದ್ದು ಮುಂದೆ ನಾಲ್ಕು ಜನ ಸೇರಿದರೂ ಕೊಡುವುದಿಲ್ಲ.

ಕತ್ತರಿಸಬೇಕೇ, ಬೇಡವೇ

ಇದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಶಿವಮೊಗ್ಗ ಪೇಟೆಯಲ್ಲಿ ಮಹಡಿ ಮನೆಯೊಳಗೇ ಬೆಳೆಯುವ ಮರಿಗೆ ನಾಲ್ಕೂ ಕಾಲಿನ ಉಗುರಿನ ತುದಿ ತೆಗೆಯಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳ ಲೆಕ್ಕ ಬೇರೆ. ಅಲ್ಲಿ ಬೆಕ್ಕು ಅಟ್ಟ, ಹುಲ್ಲಿನ ಬಣವೆ, ಅಡಿಕೆ ತೋಟ ಎಲ್ಲ ಕಡೆ ಓಡಾಡುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಅದಕ್ಕಿರುವ ದಾರಿ ಮರ ಹತ್ತುವುದೊಂದೇ, ಮರ ಹತ್ತಲು ಚೂಪು ಉಗುರು ಬೇಕೇ ಬೇಕು. ಹೀಗೆ ಹೊರಗೆ ಓಡಾಡುವ ಬೆಕ್ಕಿನ ಹಿಂಗಾಲಿನ ಉಗುರನ್ನು ಮುಟ್ಟಬಾರದು. ಮುಂಗಾಲಿನದ್ದನ್ನೂ ಅದು ಮನೆಯೊಳಗಿರುವ ಮರಿ ವಯಸ್ಸಿನಲ್ಲಿ ಮಾತ್ರ ಕತ್ತರಿಸಿ, ಹೊರಗೆ ಬಿಡಲು ಶುರುಮಾಡುವ ಮೂರು ವಾರ ಮೊದಲೇ ನಿಲ್ಲಿಸುವುದು ಸರಿ. ಆದರೂ ಪಂಜ ಹಿಡಿಸಿಕೊಳ್ಳುವ ಅಭ್ಯಾಸವನ್ನು ಎಲ್ಲ ಮರಿಗೂ ಮಾಡಿಸಿ. ನಾಳೆ ಕಾಲಿಗೆ ಮುಳ್ಳು ಚುಚ್ಚಿದರೆ, ಉಗುರು ಸೀಳಿದರೆ ನೋಡಲಾದರೂ ಬೇಕಲ್ಲ.

ವಯಸ್ಸಿನ ವಿಷಯ: ನಾಲ್ಕು ವಾರದೊಳಗಿನ ಮರಿಗೆ ಉಗುರನ್ನು ಒಳಗೆಳೆದುಕೊಳ್ಳಲು ಬರುವುದಿಲ್ಲ, ಯಾವಾಗಲೂ ಹೊರಗೇ ಇರುತ್ತದೆ. ಅದನ್ನು ನೋಡಿ ಉಗುರು ಬಹಳ ಬೆಳೆದಿದೆ ಎಂದು ಕತ್ತರಿಸಬೇಡಿ. ನಾಲ್ಕನೇ ವಾರದ ಸುಮಾರಿಗೆ ಒಳಗೆಳೆದುಕೊಳ್ಳುವುದನ್ನು ತಾನೇ ಕಲಿಯುತ್ತದೆ. ಮೊದಲ ಸಲ ಕತ್ತರಿಸಲು ಐದರಿಂದ ಎಂಟು ವಾರದ ನಡುವಿನ ಕಾಲ ಒಳ್ಳೆಯದು. ಆಗ ಮರಿ ಅಂದಾಜು ಅರ್ಧ ಕೆ.ಜಿ.ಯಿಂದ 900 ಗ್ರಾಂವರೆಗೆ ತೂಗುತ್ತದೆ, ಒಂದೇ ಕೈಯಲ್ಲಿ ಹಿಡಿಯಬಹುದು.

ಉಗುರನ್ನು ಮೊದಲು ನೋಡಿ ತಿಳಿಯಿರಿ

ಬೆಕ್ಕಿಗೆ ಒಟ್ಟು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು. ಮುಂಗಾಲಿನ ಐದನೆಯದು ನಮ್ಮ ಹೆಬ್ಬೆರಳಿನ ಜಾಗದಲ್ಲಿ, ಒಳಮಗ್ಗುಲಿಗೆ ಸ್ವಲ್ಪ ಮೇಲಿರುತ್ತದೆ. ಮರೆತುಹೋಗುವುದು ಇದೇ. ನೆಲಕ್ಕೆ ತಾಗದ, ಕಂಬಕ್ಕೆ ಉಜ್ಜಲು ಸಿಗದ ಉಗುರಾದ್ದರಿಂದ ಇದು ಕೊಕ್ಕೆಯಂತೆ ಬಾಗುತ್ತ ಬೆಳೆಯುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಸುತ್ತಿ ಬಂದು ಪಂಜದ ಮೆತ್ತೆಗೇ ಚುಚ್ಚಿಕೊಂಡು ಕೀವಾಗುವುದೂ ಉಂಟು.

ಉಗುರನ್ನು ಬೆಳಕಿಗೆ ಹಿಡಿದರೆ ಒಳಗೆ ಬುಡದಿಂದ ಅರ್ಧದವರೆಗೆ ಗುಲಾಬಿ ಬಣ್ಣದ ತ್ರಿಕೋನ ಕಾಣುತ್ತದೆ. ಅದು ಜೀವ ಇರುವ ಭಾಗ, ರಕ್ತನಾಳ ಮತ್ತು ನರ ಎರಡೂ ಅಲ್ಲಿವೆ. ಅದರಾಚೆಗಿನ ಬಿಳಿ, ಗಾಜಿನಂಥ ತುದಿ ಸತ್ತ ಭಾಗ, ಕತ್ತರಿಸಿದರೆ ನೋವಿಲ್ಲ. ಕಪ್ಪು ಬೆಕ್ಕಿನ ಉಗುರೂ ಸಾಮಾನ್ಯವಾಗಿ ಪಾರದರ್ಶಕವಾಗಿಯೇ ಇರುವುದರಿಂದ ಗುಲಾಬಿ ಭಾಗ ಕಾಣದೇ ಹೋಗುವುದು ಅಪರೂಪ. ಒಂದೊಂದು ಉಗುರು ಕಂದು ಬಣ್ಣಕ್ಕಿದ್ದರೆ ಪಕ್ಕದ ಬಿಳಿ ಉಗುರಿನ ಅಳತೆಯನ್ನೇ ಅದಕ್ಕೂ ಇಟ್ಟುಕೊಳ್ಳಿ.

ಮರಿಯ ಉಗುರಿನಲ್ಲಿ ತೆಗೆಯಬೇಕಾದದ್ದು ಕೊಕ್ಕೆಯಂತೆ ಕೆಳಗೆ ಬಾಗಿದ ಸೂಜಿಮೊನೆ ಮಾತ್ರ: 1 ಮಿಲಿಮೀಟರ್, ಅದಕ್ಕಿಂತ ಕಡಿಮೆಯಾದರೂ ಸರಿ. ಗುಲಾಬಿ ಭಾಗಕ್ಕೂ ಕಟರಿನ ಬಾಯಿಗೂ ನಡುವೆ ಹೆಚ್ಚುಕಮ್ಮಿ 2 ಮಿಲಿಮೀಟರ್ ಉಳಿದಿರಲಿ. ಮರಿಯ ಉಗುರಲ್ಲಿ ಅಷ್ಟು ಜಾಗವೇ ಇಲ್ಲವೆನಿಸಿದರೆ ಅದು ಇನ್ನೂ ಕತ್ತರಿಸುವ ಹಾಗಾಗಿಲ್ಲ ಎಂದರ್ಥ. ಒಂದು ವಾರ ಬಿಡಿ.

ಇನ್ನೊಂದು ಮಾತು. ಉಗುರಿನ ಕಾಟವೇ ಬೇಡವೆಂದು ಬುಡಸಮೇತ ತೆಗೆಸಬಹುದೇ ಎಂದು ಕೇಳುವವರಿದ್ದಾರೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಗೆ ಅಂಟಿಕೊಂಡೇ ಬೆಳೆಯುತ್ತದೆ. ಬುಡಸಮೇತ ತೆಗೆಯುವುದೆಂದರೆ ಆ ಮೂಳೆಯನ್ನೇ ಕತ್ತರಿಸುವುದು, ನಮ್ಮ ಹತ್ತೂ ಬೆರಳಿನ ತುದಿಯ ಗಿಣ್ಣು ತೆಗೆದಹಾಗೆ. ಅದು ಕ್ರೌರ್ಯ, ಆ ಯೋಚನೆಯನ್ನೇ ಬಿಡಬೇಕು.

ಸಾಮಾನು

ಬೆಕ್ಕಿಗೆಂದೇ ಬರುವ ಚಿಕ್ಕ ಕತ್ತರಿ ಮಾದರಿಯ ಕಟರ್ ಇದ್ದರೆ ಒಳ್ಳೆಯದು. ಅದರ ಎರಡೂ ಬಾಯಿಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ, ಉಗುರು ಅದರೊಳಗೆ ಕೂತು ಜಾರುವುದಿಲ್ಲ. ನಾಯಿಗಳ ದೊಡ್ಡ ಕಟರ್ ಬೇಡ. ಮರಿಯ ಉಗುರು ಅದರ ಬಾಯಲ್ಲಿ ಕಾಣಿಸುವುದೇ ಇಲ್ಲ, ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ಎರಡು ಮೂರು ತಿಂಗಳವರೆಗಿನ ಮರಿಗೆ ಮನುಷ್ಯರ ಚಿಕ್ಕ ನೇಲ್ ಕಟರ್ ನಡೆಯುತ್ತದೆ, ಆದರೆ ಹೊಸದು ಮತ್ತು ಹರಿತವಾದದ್ದು ಬೇಕು, ಅದನ್ನು ಮರಿಗೇ ಮೀಸಲಿಡಬೇಕು. ಮೊಂಡು ಕಟರ್ ಉಗುರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಆಗ ಉಗುರು ಉದ್ದಕ್ಕೆ ಸೀಳುತ್ತದೆ. ಮಳೆಗಾಲದಲ್ಲಿ ಕಟರಿಗೆ ತುಕ್ಕು ಬೇಗ ಹಿಡಿಯುವುದರಿಂದ ಪ್ರತಿ ಸಲವೂ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಡಬ್ಬಿಯಲ್ಲಿಡಿ. ಬಳಸುವ ಮುನ್ನ ಎಣ್ಣೆ ಒರೆಸಿಬಿಡಿ.

ರಕ್ತ ಬಂದರೆ ನಿಲ್ಲಿಸಲು, ಕೈಗೆಟುಕುವ ಹಾಗೆ ಒಂದು ಚಿಕ್ಕ ಬಟ್ಟಲಲ್ಲಿ ಒಂದು ಚಮಚ ಕಾರ್ನ್ ಫ್ಲೋರ್, ಒಂದಿಷ್ಟು ಹತ್ತಿ ಇರಲಿ. ಕಾರ್ನ್ ಫ್ಲೋರ್ ಇಲ್ಲದಿದ್ದರೆ ಮೈದಾ. ತೊಡೆಗೆ ಹಾಸಲು ಹಳೆಯ ತೆಳು ಬೈರಾಸು ಅಥವಾ ಪಂಚೆಯ ತುಂಡು ಸಾಕು. ದಪ್ಪ ಟರ್ಕಿ ಟವೆಲ್ ಬೇಡ, ಅದರ ಕುಣಿಕೆ ನೂಲಿಗೇ ಉಗುರು ಸಿಕ್ಕಿಕೊಳ್ಳುತ್ತದೆ.

ಬೆಳಕು ಎಲ್ಲಕ್ಕಿಂತ ಮುಖ್ಯ. ಆಗುಂಬೆ ಕಡೆಯ ಮಳೆಗಾಲದ ಮಧ್ಯಾಹ್ನದಲ್ಲಿ ಹಳೇ ಮನೆಯ ನಡುಮನೆಯೊಳಗೆ ಗುಲಾಬಿ ಭಾಗ ಕಾಣುವುದೇ ಇಲ್ಲ, ಕರೆಂಟೂ ಇರುವುದಿಲ್ಲ. ಜಗಲಿಗೆ ಬನ್ನಿ, ಇಲ್ಲವೇ ತೋಟಕ್ಕೆ ಹೋಗುವಾಗ ಹಾಕಿಕೊಳ್ಳುವ ಹೆಡ್ ಟಾರ್ಚ್ ಬಳಸಿ. ಬೆಳಕು ಮರಿಯ ಕಣ್ಣಿಗೆ ನೇರ ಬೀಳದಂತೆ, ಉಗುರಿನ ಹಿಂದಿನಿಂದ ಬರುವಂತೆ ಇದ್ದರೆ ಜೀವಭಾಗ ಸ್ಪಷ್ಟವಾಗಿ ಕಾಣುತ್ತದೆ.

ಬಹುಮಾನಕ್ಕೆ ಬೇಯಿಸಿದ ಮೊಟ್ಟೆಯ ಹಳದಿಯ ಚೂರು, ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿಯ ಎಳೆ, ಮುಳ್ಳು ತೆಗೆದ ಬೇಯಿಸಿದ ಮೀನು ಆಗುತ್ತದೆ. ಇವು ಒಳಗೆ ಬರದ ಮನೆಗಳಲ್ಲಿ ಮರಿ ತಿನ್ನುವ ಕಾಳಿನ ಆಹಾರವನ್ನೇ ಬಿಸಿನೀರಿನಲ್ಲಿ ನೆನೆಸಿ ಕೊಡಿ. ಪ್ರತಿ ಸಲ ಸಾಸಿವೆಯ ನಾಲ್ಕರಷ್ಟಿದ್ದರೆ ಸಾಕು. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬೇಡ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಯಾವುದನ್ನೂ ಕೊಡಬಾರದು. ಅವು ಬೆಕ್ಕಿಗೆ ವಿಷ. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ತರಿಸುತ್ತದೆ.

ಕಟರ್ ಮುಟ್ಟದ ಒಂದು ವಾರ

ಮರಿ ಹೊಟ್ಟೆ ತುಂಬ ತಿಂದು, ಆಡಿ, ಬಚ್ಚಲೊಲೆಯ ಬೆಚ್ಚಗಿನ ಜಾಗದಲ್ಲಿ ಮುದುಡಿ ಕೂತು ಕಣ್ಣು ಮುಚ್ಚುವ ಹೊತ್ತನ್ನು ಹಿಡಿಯಿರಿ. ಆಟದ ಹುಮ್ಮಸ್ಸಿನಲ್ಲಿರುವಾಗ ಪಂಜ ಹಿಡಿದರೆ ಅದಕ್ಕೆ ಅದೂ ಆಟವೇ, ಕಚ್ಚುತ್ತದೆ.

ಮೊದಲ ಎರಡು ದಿನ ಸವರುವುದಷ್ಟೇ: ಭುಜದಿಂದ ಕೆಳಗೆ, ಮೊಣಕಾಲು ದಾಟಿ, ಪಂಜದವರೆಗೆ. ಪಂಜ ಮುಟ್ಟಿದ ಕ್ಷಣವೇ ತಿನಿಸು. ಮರಿ ಕಾಲನ್ನು ಎಳೆದುಕೊಂಡರೆ ಬಿಟ್ಟುಬಿಡಿ, ಹಿಡಿದು ಜಗ್ಗಬೇಡಿ. ನೀವು ಜಗ್ಗಿದಷ್ಟೂ ಅದು ಜಗ್ಗುತ್ತದೆ. ಕೈಯನ್ನು ಅಲ್ಲೇ ಸಡಿಲವಾಗಿ ಇಟ್ಟುಕೊಂಡಿದ್ದರೆ ಎರಡು ಸೆಕೆಂಡಿನಲ್ಲಿ ಕಾಲು ತಾನಾಗಿ ಸಡಿಲವಾಗುತ್ತದೆ, ಆಗ ತಿನಿಸು ಕೊಡಿ. ಯಾವಾಗ ಕೊಡುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಕಿರುಚಿದ ಮೇಲೆ ಸಮಾಧಾನಕ್ಕೆಂದು ಕೊಟ್ಟರೆ ಕಿರುಚುವುದನ್ನು ಕಲಿಸಿದಂತೆ.

ಮೂರನೇ ದಿನದಿಂದ ಉಗುರು ಹೊರತೆಗೆಯುವ ಅಭ್ಯಾಸ. ಹೆಬ್ಬೆರಳನ್ನು ಬೆರಳಿನ ಮೇಲ್ಭಾಗದಲ್ಲಿ, ಉಗುರಿನ ಬುಡದ ಹಿಂದೆ ಇಡಿ. ತೋರುಬೆರಳು ಅದೇ ಬೆರಳಿನ ಕೆಳಗಿನ ಮೆತ್ತೆಗೆ. ಎರಡನ್ನೂ ಹಣ್ಣಾದ ಬಾಳೆಹಣ್ಣು ಮುಟ್ಟಿ ನೋಡುವಷ್ಟೇ ಮೆಲ್ಲಗೆ ಅಮುಕಿದರೆ ಉಗುರು ಜಾರಿ ಹೊರಬರುತ್ತದೆ. ಬಾರದಿದ್ದರೆ ಇನ್ನೂ ಜೋರಾಗಿ ಹಿಸುಕಬೇಡಿ, ಹೆಬ್ಬೆರಳನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಿ. ಒಂದು ಸೆಕೆಂಡ್ ಉಗುರು ನೋಡಿ, ಬಿಡಿ, ತಿನಿಸು. ದಿನಕ್ಕೆ ನಾಲ್ಕೈದು ಉಗುರು ಸಾಕು.

ಐದನೇ ದಿನ ಕಟರನ್ನು ಮರಿಯ ಪಕ್ಕ ಇಟ್ಟು ಮೂಸಿ ನೋಡಲು ಬಿಡಿ. ಬಳಿಕ ಒಣ ಶಾವಿಗೆಯ ಎಳೆಯೊಂದನ್ನು ಅದರ ಹತ್ತಿರವೇ ಕಟರಿನಿಂದ ಕತ್ತರಿಸಿ. 'ಟಕ್' ಎಂಬ ಸದ್ದು ಉಗುರು ಕತ್ತರಿಸುವ ಸದ್ದಿನಂತೆಯೇ ಇರುತ್ತದೆ. ಒಂದು ಟಕ್, ಒಂದು ತಿನಿಸು. ನಾಲ್ಕಾರು ಸಲ ಆದಮೇಲೆ ಸದ್ದು ಕೇಳಿದರೆ ತಿನಿಸಿಗಾಗಿ ಮೂತಿ ಎತ್ತುತ್ತದೆ. ಅಲ್ಲಿಗೆ ಮರಿ ಸಿದ್ಧವಾಯಿತು. ಕೆಲವು ಮರಿಗೆ ಇದು ನಾಲ್ಕು ದಿನದಲ್ಲಿ ಆಗುತ್ತದೆ, ತಾಯಿಯಿಲ್ಲದೆ ಎಲ್ಲೋ ಸಿಕ್ಕ ಪುಕ್ಕಲು ಮರಿಗೆ ಹದಿನೈದು ದಿನವೂ ಹಿಡಿದೀತು.

ಕತ್ತರಿಸುವ ದಿನ

1. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಬೈರಾಸು ಹಾಸಿ. ಮರಿಯ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ, ಮುಖ ಹೊರಗಿರಲಿ. ಎತ್ತರದ ಮೇಜಿನ ಮೇಲೆ ಮಾಡಬೇಡಿ, ಜಿಗಿದರೆ ಬೀಳುತ್ತದೆ. ಕತ್ತಿನ ತೊಗಲು ಹಿಡಿದು ಎತ್ತುವುದು ತಾಯಿ ಬೆಕ್ಕಿನ ಕೆಲಸ, ನಮ್ಮದಲ್ಲ.

2. ಎಡಗೈಯಲ್ಲಿ ಮುಂಗಾಲನ್ನು ಹಿಡಿದು ಉಗುರು ಹೊರತೆಗೆಯಿರಿ. ಕಾಲನ್ನು ಪಕ್ಕಕ್ಕೆ ಚಾಚಿ ಎಳೆಯಬೇಡಿ. ಅದು ಸಹಜವಾಗಿ ಮುಂದಕ್ಕೆ ಇರುವ ದಿಕ್ಕಿನಲ್ಲೇ ಹಿಡಿಯಿರಿ. ಮರಿ ಕೊಸರಾಡುವುದು ಹಲವು ಸಲ ಉಗುರಿಗಲ್ಲ, ಭುಜ ತಿರುಚಿದ್ದಕ್ಕೆ.

3. ಗುಲಾಬಿ ಭಾಗ ಎಲ್ಲಿ ಮುಗಿಯುತ್ತದೆ ನೋಡಿಕೊಳ್ಳಿ. ಕಾಣದಿದ್ದರೆ, ಪಕ್ಕದ ಉಗುರಿನ ಅಳತೆಯೂ ಸಿಗದಿದ್ದರೆ ಕತ್ತರಿಸಬೇಡಿ.

4. ಕಟರಿನ ಒಂದು ಬಾಯಿ ಉಗುರಿನ ಮೇಲೆ, ಇನ್ನೊಂದು ಕೆಳಗೆ ಬರುವಂತೆ ಹಿಡಿಯಿರಿ. ಬೆಕ್ಕಿನ ಉಗುರು ಕುಡುಗೋಲಿನಂತೆ ಎರಡೂ ಪಕ್ಕದಿಂದ ಚಪ್ಪಟೆ. ಪಕ್ಕಗಳಿಂದ ಅಮುಕಿದರೆ ಪದರ ಬಿಟ್ಟುಕೊಂಡು ಸೀಳುತ್ತದೆ, ಮೇಲಿನಿಂದ ಕೆಳಕ್ಕೆ ಕತ್ತರಿಸಿದರೆ ಅಂಚು ನಯವಾಗಿ ಬರುತ್ತದೆ.

5. ಒಂದೇ ಬಾರಿಗೆ, ತಡವರಿಸದೆ ಒತ್ತಿ. ಅರ್ಧ ಒತ್ತಿ ನಿಲ್ಲಿಸಿದರೆ ಮರಿ ಕಾಲೆಳೆದು ಉಗುರು ಹರಿದುಕೊಳ್ಳುತ್ತದೆ. ಒತ್ತುವ ಮೊದಲು ಅಳೆಯಿರಿ, ಒತ್ತುವಾಗ ಯೋಚಿಸಬೇಡಿ.

6. ತಿನಿಸು. ಮರಿ ಸಮಾಧಾನದಿಂದಿದ್ದರೆ ಇನ್ನೊಂದು ಉಗುರು.

ಮೊದಲ ದಿನ ಎರಡು ಉಗುರಾದರೆ ಬಹಳವಾಯಿತು. ದಿನಕ್ಕೆ ಎರಡರಂತೆ ಮುಂಗಾಲಿನ ಹತ್ತೂ ಉಗುರು ಐದು ದಿನದಲ್ಲಿ ಮುಗಿಯುತ್ತದೆ. 18ನ್ನೂ ಒಂದೇ ಸಲಕ್ಕೆ ಮುಗಿಸಬೇಕೆಂಬ ಹಟ ಬೇಡ. ಹಿಂಗಾಲಿನ ಉಗುರು ಸ್ವಲ್ಪ ದಪ್ಪ, ಅಷ್ಟು ಬಾಗಿರುವುದಿಲ್ಲ, ಕಂಬಳಿಗೆ ಸಿಕ್ಕಿಕೊಳ್ಳುವುದೂ ಕಡಿಮೆ. ಮನೆಯೊಳಗಿನ ಮರಿಗೂ ಅದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಕಿವಿ ಹಿಂದಕ್ಕೆ ಮಲಗಿತು, ಬಾಲ ಪಟಪಟ ಬಡಿಯಿತು, ಬೆನ್ನಿನ ಚರ್ಮ ಅದುರಿತು, ಗುರ್ ಎಂದಿತು ಎಂದರೆ ಆ ದಿನದ ಕೆಲಸ ಮುಗಿಯಿತು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಕ್ಷಣ ಬಿಟ್ಟು ತಂಪಾದ, ಸದ್ದಿಲ್ಲದ ಜಾಗದಲ್ಲಿಡಿ. ನಾಯಿ ಹಾಗೆ ಉಸಿರಾಡುವುದು ಸಹಜ, ಬೆಕ್ಕಿಗೆ ಸಹಜವಲ್ಲ. ಸ್ವಲ್ಪ ಹೊತ್ತಿನಲ್ಲಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಇಬ್ಬರಿದ್ದರೆ ಸುಲಭ. ಒಬ್ಬರು ಮರಿಯನ್ನು ಎದೆಗೆ ಒರಗಿಸಿ ಹಿಡಿದು ತಿನಿಸು ನೆಕ್ಕಿಸುತ್ತಿರಲಿ, ಇನ್ನೊಬ್ಬರು ಕತ್ತರಿಸಲಿ. ತೀರ ಕೊಸರಾಡುವ ಮರಿಯನ್ನು ಬೈರಾಸಿನಲ್ಲಿ ಸಡಿಲವಾಗಿ ಸುತ್ತಿ ಒಂದು ಕಾಲನ್ನು ಮಾತ್ರ ಹೊರಗೆ ತೆಗೆದುಕೊಳ್ಳಬಹುದು, ಮುಖ ಮುಚ್ಚಬಾರದು. ಆದರೆ ಪ್ರತಿ ಸಲವೂ ಸುತ್ತಿಯೇ ಮಾಡಬೇಕಾಗಿ ಬಂದರೆ ಅಭ್ಯಾಸದ ವಾರ ಸರಿಯಾಗಿ ಆಗಿಲ್ಲ. ಮತ್ತೆ ಮೊದಲ ದಿನದಿಂದ ಶುರುಮಾಡಿ.

ಪಂಜ ಕೈಯಲ್ಲಿರುವಾಗಲೇ ಬೆರಳ ಸಂದುಗಳನ್ನೂ ನೋಡಿಬಿಡಿ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದ ಗುರುತು, ಒದ್ದೆಯಿಂದ ಕೆಂಪಾದ ಚರ್ಮ, ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳ (ಉಣುಗು). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ, ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಡಂಚಿನ ಮನೆಯವರು ಉಣ್ಣೆಯನ್ನು ಉಗುರಲ್ಲಿ ಹಿಸುಕಬಾರದು. ಕೈಗೆ ಕವಚ ಹಾಕಿ, ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಅವುಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಬೆರೆಸಿರುತ್ತಾರೆ, ಅದು ಬೆಕ್ಕನ್ನು ಕೊಲ್ಲುತ್ತದೆ.

ರಕ್ತ ಬಂದರೆ

ಎಷ್ಟೇ ಜಾಗ್ರತೆ ಮಾಡಿದರೂ ಒಮ್ಮೆ ಜೀವಭಾಗಕ್ಕೆ ತಾಗಬಹುದು. ಮರಿ ಚೀರುತ್ತದೆ, ಒಂದೆರಡು ಹನಿ ರಕ್ತ ಬರುತ್ತದೆ. ನೋಡಲು ಭಯವಾದರೂ ಇದರಿಂದ ಪ್ರಾಣಾಪಾಯವಿಲ್ಲ. ಉಗುರಿನ ತುದಿಯನ್ನು ಕಾರ್ನ್ ಫ್ಲೋರ್‌ಗೆ ಅದ್ದಿ, ಹತ್ತಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನಿಂತಿತೇ ಎಂದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಹೋಗಿ ಮತ್ತೆ ಸುರಿಯುತ್ತದೆ. ಆಮೇಲೂ ನಿಲ್ಲದಿದ್ದರೆ ಇನ್ನೊಮ್ಮೆ ಹಿಟ್ಟು ಹಚ್ಚಿ ಐದು ನಿಮಿಷ ಒತ್ತಿ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಪಟಿಕವೂ ರಕ್ತ ನಿಲ್ಲಿಸುತ್ತದೆ, ಆದರೆ ಉರಿಯುತ್ತದೆ. ಹಿಟ್ಟಿನಿಂದ ಆಗದಿದ್ದರೆ ಮಾತ್ರ, ಪುಡಿಯನ್ನು ಚಿಟಿಕೆಯಷ್ಟು ಹಚ್ಚಿ, ನಿಂತಮೇಲೆ ಒರೆಸಿಬಿಡಿ. ಆ ದಿನ ಮತ್ತೊಂದು ಉಗುರು ಮುಟ್ಟಬೇಡಿ.

ನಮ್ಮ ಕಡೆ ಕೈ ಕೊಯ್ದುಕೊಂಡರೆ ಕಾಫಿ ಪುಡಿಯನ್ನೋ ಎಲೆಯಡಿಕೆಯ ಸುಣ್ಣವನ್ನೋ ಹಚ್ಚುವ ರೂಢಿಯಿದೆ. ಬೆಕ್ಕಿಗೆ ಇವೆರಡೂ ಕೂಡದು. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಕಾಫಿಯ ಕೆಫೀನ್ ಅದಕ್ಕೆ ವಿಷ, ಸುಣ್ಣ ಬಾಯಿ ಸುಡುತ್ತದೆ. ಡೆಟಾಲ್‌ನಂಥ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ದ್ರಾವಣಗಳೂ ಬೇಡ. ಮನುಷ್ಯರ ಯಕೃತ್ತು ಕರಗಿಸಿ ಹೊರಹಾಕುವ ಹಲವು ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ನೋವೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಕೊಂದಂತೆಯೇ. ದೊಡ್ಡ ಬೆಕ್ಕಿಗೇ ಒಂದು ಮಾತ್ರೆ ಸಾಕಾಗುತ್ತದೆ ಸಾಯಲು, ಮರಿಗೆ ಚೂರೂ ಹೆಚ್ಚು. ಗಾಯ ತೊಳೆಯಬೇಕಾದರೆ ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿದರೆ ಸಾಕು.

ಹತ್ತು ಹದಿನೈದು ನಿಮಿಷವಾದರೂ ರಕ್ತ ನಿಲ್ಲದಿದ್ದರೆ, ಉಗುರು ಬುಡದಿಂದ ಕಿತ್ತು ನೇತಾಡುತ್ತಿದ್ದರೆ, ಮಾರನೇ ದಿನ ಬೆರಳು ಊದಿದ್ದರೆ, ಕುಂಟುತ್ತಿದ್ದರೆ ಪಶುವೈದ್ಯರ ಬಳಿ ಹೋಗಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮನೆಯಲ್ಲಿ ಧೈರ್ಯ ಬಾರದವರು ಮೊದಲ ಸಲ ಅಲ್ಲಿ ಕತ್ತರಿಸುವುದನ್ನು ಹತ್ತಿರದಿಂದ ನೋಡಿ ಬಂದರೂ ಆಗುತ್ತದೆ.

ನಿಮ್ಮ ಕೈಗೆ ಗೀರಿದರೆ ಮರಿಯ ಗೀರು ತಾನೇ ಎಂದು ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಲಸಿಕೆ ಆಗದ, ಎಲ್ಲಿಂದಲೋ ಬಂದ ಮರಿಯಾಗಿದ್ದರೆ ಗೀರು ಚಿಕ್ಕದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಮರಿಗೆ ಮೂರು ತಿಂಗಳು ತುಂಬಿದಾಗ ಅದಕ್ಕೂ ರೇಬೀಸ್ ಲಸಿಕೆ ಹಾಕಿಸಿ. ಗೀರಿದ ಜಾಗದಲ್ಲಿ ಗುಳ್ಳೆ ಎದ್ದು, ಒಂದೆರಡು ವಾರದ ಬಳಿಕ ಕಂಕುಳಲ್ಲಿ ಗಡ್ಡೆ ಕಟ್ಟಿ ಜ್ವರ ಬಂದರೆ ಬೆಕ್ಕು ಗೀರಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಚಿಗಟದಿಂದ ಬೆಕ್ಕಿಗೆ ಬಂದು, ಗೀರಿನ ಮೂಲಕ ಮನುಷ್ಯರಿಗೆ ದಾಟುವ ಸೋಂಕೊಂದಿದೆ. ಹಾಗಾಗಿ ಉಗುರಿನಷ್ಟೇ ಚಿಗಟದ ಮೇಲೂ ಕಣ್ಣಿರಲಿ.

ಮತ್ತೆ ಯಾವಾಗ, ಮತ್ತು ಗೀರಲೊಂದು ಕಂಬ

ಮರಿಯ ಉಗುರು ಬೇಗ ಬೆಳೆಯುತ್ತದೆ. ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ತುದಿ ತೆಗೆಯಬೇಕು. ದೊಡ್ಡದಾದ ಮೇಲೆ ಎರಡು ಮೂರು ವಾರಕ್ಕೊಮ್ಮೆ. ಕತ್ತರಿಸುವ ಕೆಲಸವಿಲ್ಲದ ದಿನವೂ ಪಂಜ ಹಿಡಿದು ತಿನಿಸು ಕೊಡುತ್ತಿರಿ. ಪಂಜ ಹಿಡಿದಾಗೆಲ್ಲ ಕಟರ್ ಬರುತ್ತದೆ ಎಂದು ಮರಿ ಲೆಕ್ಕ ಹಾಕಬಾರದು.

ಉಗುರು ಕತ್ತರಿಸಿದ ಮಾತ್ರಕ್ಕೆ ಬೆಕ್ಕು ಗೀರುವುದು ನಿಲ್ಲುವುದಿಲ್ಲ. ಮೈ ಚಾಚಲು, ತನ್ನ ವಾಸನೆ ಹಚ್ಚಲು, ಉಗುರಿನ ಹಳೆಯ ಪೊರೆ ಕಳಚಲು ಅದು ಗೀರಲೇಬೇಕು. ಜಾಗ ಕೊಡದಿದ್ದರೆ ಸೋಫಾ ಹುಡುಕುತ್ತದೆ. ತೋಟದ ಮನೆಯಲ್ಲಿ ಬಿದ್ದ ಅಡಿಕೆ ಮರದ ತುಂಡೊಂದು ಇದ್ದೇ ಇರುತ್ತದೆ. ಮರಿಗೆ ಎರಡಡಿ ಎತ್ತರ ಸಾಕು, ದೊಡ್ಡ ಬೆಕ್ಕು ಪೂರ್ತಿ ಮೈ ಚಾಚಲು ಮೂರಡಿ ಬೇಕು. ಹಾಗಾಗಿ ಮೊದಲೇ ಮೂರಡಿಯದ್ದನ್ನು ಮಾಡಿ. ಅಡಿಕೆ ಮರವನ್ನು ಹಾಗೇ ಬಿಟ್ಟರೆ ಸಿಬರು ಎದ್ದು ಮೆತ್ತೆಗೆ ಚುಚ್ಚುತ್ತದೆ. ಬುಡದಿಂದ ತುದಿಯವರೆಗೆ ಕತ್ತದ ಹಗ್ಗವನ್ನು ಸಂದಿಲ್ಲದಂತೆ ಒತ್ತಾಗಿ ಸುತ್ತಿ, ಎರಡೂ ತುದಿಯನ್ನು ಮೊಳೆಯಿಂದ ಬಿಗಿದು ಮೊಳೆಯ ತಲೆ ಹಗ್ಗದೊಳಗೆ ಹೂತುಹೋಗುವಂತೆ ಹೊಡೆಯಿರಿ. ಬುಡಕ್ಕೆ ಒಂದೂವರೆ ಅಡಿ ಚೌಕದ ದಪ್ಪ ಹಲಗೆ ಕೂರಿಸಿ. ಕಂಬ ಒಮ್ಮೆ ಅಲುಗಾಡಿ ಹೆದರಿಸಿತೆಂದರೆ ಮರಿ ಮತ್ತೆ ಅದರ ಹತ್ತಿರ ಹೋಗುವುದಿಲ್ಲ. ಪೇಟೆ ಮನೆಯವರು ಗಟ್ಟಿ ಹಲಗೆಗೆ ಗೋಣಿಚೀಲವನ್ನು ಎರಡು ಸುತ್ತು ಬಿಗಿದು ಗೋಡೆಗೆ ಕಟ್ಟಿದರೂ ಆಯಿತು.

ಕಂಬವನ್ನು ಮೂಲೆಯಲ್ಲಿ ಅಡಗಿಸಿಡಬೇಡಿ. ಮರಿ ಮಲಗಿ ಏಳುವ ಜಾಗದ ಪಕ್ಕದಲ್ಲಿಡಿ, ಏಕೆಂದರೆ ಎದ್ದ ಕೂಡಲೇ ಮೈ ಮುರಿದು ಗೀರುವುದು ಅದರ ಮೊದಲ ಕೆಲಸ. ಕೆಲವು ದಿನ ಕಳೆದ ಮೇಲೆ ಕಂಬದ ಬುಡದಲ್ಲಿ ಉಗುರಿನದೇ ಆಕಾರದ, ಒಳಗೆ ಟೊಳ್ಳಾದ ತೆಳು ಸಿಪ್ಪೆಗಳು ಬಿದ್ದಿರುವುದು ಕಾಣುತ್ತದೆ. ಅದು ಉಗುರು ಕಿತ್ತುಬಂದದ್ದಲ್ಲ, ಕಳಚಿದ ಹಳೆಯ ಪೊರೆ. ಗುಡಿಸಿ ಹಾಕಿ, ಆ ಪಂಜವನ್ನು ಹಿಡಿದು ಒಮ್ಮೆ ನೋಡಿ: ಅಡಿಯಿಂದ ಬಂದ ಹೊಸ ಮೊನೆ ಹಳೆಯದಕ್ಕಿಂತ ಚೂಪಾಗಿರುತ್ತದೆ, ತುದಿ ತೆಗೆಯುವ ಹೊತ್ತು ಬಂದಿರುತ್ತದೆ.